ಗಾಡಿಯ ಹಿಂದೆ ಕಟ್ಟಿದ ಎತ್ತು

ಹೋದ ದೀಪಾವಳಿಗೆ ಕಮಠಾಣಕ್ಕೆ ಹೋದಾಗ ಕಾಕಾಗೆ ಮೊಬೈಲಿನಲ್ಲಿ ಒಂದು ಹಳೇ ರೇಸ್ ಕಾರಿನ ಫೋಟೋ ತೋರಿಸಿದೆ. 1950ರ ದಶಕದ ಕೂಪರ್. ನಾಲ್ಕೂ ಚಕ್ರ ಹೊರಗೆ, ಒಬ್ಬನಿಗಷ್ಟೇ ಜಾಗ, ಇಂಜಿನ್ ಓಡಿಸುವವನ ಬೆನ್ನ ಹಿಂದೆ. ಕಾಕಾ ಚಷ್ಮಾ ಏರಿಸಿ ನೋಡಿ, "ತಮ್ಮಾ, ಎತ್ತು ಗಾಡಿ ಹಿಂದ ಕಟ್ಟ್ಯಾರಲ್ಲೋ" ಅಂದರು. ಎಂಜೊ ಫೆರಾರಿ ಕೂಡ ಹೆಚ್ಚುಕಮ್ಮಿ ಇದನ್ನೇ ಹೇಳಿದ್ದನಂತೆ. ಅವನದು ಕುದುರೆ, ನಮ್ಮ ಕಾಕಾಂದು ಎತ್ತು, ಅಷ್ಟೇ ಫರಕು.

ಈ ಕಾರಿನ ಬಗ್ಗೆ ಬರೆಯುವವರು ಕೂಪರ್ ಅಪ್ಪ-ಮಗನನ್ನು ದಾರ್ಶನಿಕರನ್ನಾಗಿ ಮಾಡಿಬಿಡುತ್ತಾರೆ. ನನಗೆ ಒಪ್ಪಿಗೆ ಇಲ್ಲ. 1946ರಲ್ಲಿ ಇಂಗ್ಲೆಂಡಿನ ಸರ್ಬಿಟನ್ ಗ್ಯಾರೇಜಿನಲ್ಲಿ ಮಗ ಜಾನ್ ಮತ್ತು ಗೆಳೆಯ ಎರಿಕ್ ಬ್ರಾಂಡನ್ ಮಾಡಿದ್ದೇನು? ಎರಡು ಫಿಯಟ್ ಟೊಪೊಲಿನೊ ಕಾರುಗಳ ಮುಂಭಾಗ ತೆಗೆದು ಬೆನ್ನಿಗೆ ಬೆನ್ನು ಹಚ್ಚಿ ಬೆಸೆದರು. ಕೈಗೆ ಸಿಕ್ಕಿದ್ದು 500 ಸಿಸಿಯ ಜೆಎಪಿ ಮೋಟರ್‌ಸೈಕಲ್ ಇಂಜಿನ್, ಅದಕ್ಕೆ ಚೈನು. ಚೈನು ಹಿಂದಿನ ಚಕ್ರಕ್ಕೆ ಹೋಗಬೇಕಲ್ಲ, ಇಂಜಿನ್ ಹಿಂದಿದ್ದರೆ ಸಲೀಸು. ಹಿಂದಿಟ್ಟರು. ಮುಗೀತು. ಇದರಲ್ಲಿ ಮೊದಲಿಗರೂ ಅಲ್ಲ. ಜರ್ಮನಿಯ ಆಟೋ ಯೂನಿಯನ್ 1934ರಲ್ಲೇ ಹಿಂದೆ ಇಂಜಿನ್ ಇಟ್ಟು ರೇಸ್ ಓಡಿಸಿತ್ತು.

ಆದರೆ ಸಲೀಸಿಗೆ ಮಾಡಿದ್ದು ಸರಿಯೂ ಇತ್ತು. ಇಂಜಿನ್ನಿನಿಂದ ಹಿಂದಿನ ಚಕ್ರಕ್ಕೆ ಉದ್ದನೆಯ ಶಾಫ್ಟ್ ಬೇಡ, ಹಾಗಾಗಿ ಸೀಟು ಕೆಳಗಿಳಿಯಿತು, ಕಾರು ಹಗುರಾಯಿತು, ತಿರುವಿನಲ್ಲಿ ಚುರುಕಾಯಿತು. 1958ರ ಅರ್ಜೆಂಟೀನಾ ರೇಸ್ ನೋಡಿ. ಸ್ಟರ್ಲಿಂಗ್ ಮಾಸ್ ಓಡಿಸಿದ ಟಿ43ಗೆ ಎರಡು ಲೀಟರೂ ತುಂಬದ ಕೊವೆಂಟ್ರಿ ಕ್ಲೈಮ್ಯಾಕ್ಸ್ ಇಂಜಿನ್. ಆ ಕಂಪನಿ ಬೆಂಕಿ ಆರಿಸುವ ಪಂಪ್‌ಗಳಿಗೂ ಇಂಜಿನ್ ಮಾಡುತ್ತಿತ್ತು ಅಂದಾಗ ಕಾಕಾ ಎದ್ದು ಕೂತರು. ಕೂಪರ್ ಚಕ್ರಕ್ಕೆ ನಾಲ್ಕು ನಟ್ಟು, ಬದಲಿಸಲು ಹೊತ್ತು ಹಿಡಿಯುತ್ತದೆ. ಮಾಸ್ ಕಡೆಯ ಹುಡುಗರು ಈಗ ಟಾಯರ್ ಬದಲಿಸ್ತೀವಿ ಅನ್ನೋ ಹಾಗೆ ಚಕ್ರ ಹಿಡಿದು ನಿಂತರು. ಫೆರಾರಿಯವರು ನಂಬಿದರು. ಮಾಸ್ ನಿಲ್ಲಲೇ ಇಲ್ಲ, ಸವೆದು ನೂಲು ಕಾಣುತ್ತಿದ್ದ ಟಾಯರಿನಲ್ಲೇ ಗೆದ್ದ. ಟಿ51, ಟಿ53 ಬಂದವು, 1959 ಮತ್ತು 1960ರಲ್ಲಿ ಜಾಕ್ ಬ್ರಾಭಂ ವಿಶ್ವ ಚಾಂಪಿಯನ್ ಆದ. 1961ಕ್ಕೆ ಫೆರಾರಿಯ ಕುದುರೆಯೂ ಹಿಂದಕ್ಕೆ ಬಂತು.

(ಇರುವ ಇಂಜಿನ್ ಹಾಕಿ ಕಟ್ಟುವ ದಾರಿ ನಮ್ಮಲ್ಲೂ ಉಂಟು. ಕೊಯಮತ್ತೂರಿನ ಎಸ್. ಕರಿವರ್ಧನ್ ಮಾರುತಿ 800ರ ಇಂಜಿನ್ನಿನಿಂದ ಫಾರ್ಮುಲಾ ಮಾರುತಿ ಕಟ್ಟಿದರು. ನರೇನ್ ಕಾರ್ತಿಕೇಯನ್ ಮೊದಲ ರೇಸ್ ಓಡಿಸಿದ್ದು ಅದರಲ್ಲೇ.)

ನನ್ನ ತಕರಾರು ಚಾಸಿಯ ಬಗ್ಗೆ. ಕೂಪರ್ ಚಾಸಿಯ ಕೊಳವೆಗಳು ಬಾಗಿದ್ದವು. ನೆಟ್ಟಗಿನ ಕೊಳವೆ ಎಳೆತ-ಒತ್ತಡ ಎರಡನ್ನೂ ತಾಳುತ್ತದೆ, ಬಾಗಿದ್ದು ಭಾರ ಬಿದ್ದರೆ ಇನ್ನಷ್ಟು ಬಾಗುತ್ತದೆ. ಬಿಇ ಮೊದಲ ವರ್ಷದ ಪಾಠ. ಬಾಗಿಸಿದ್ದಕ್ಕೆ ಅವರ ಕಾರಣ ಬಿಡಿಭಾಗಗಳಿಗೆ ಅಡ್ಡ ಬರಬಾರದು ಅನ್ನೋದು. ಅದೂ ಸಲೀಸಿಗೇ! ಗೆಲ್ಲುತ್ತಿರುವಾಗ ಯಾರು ಕೇಳ್ತಾರೆ? ಲೋಟಸ್‌ನ ಕಾಲಿನ್ ಚಾಪ್ಮನ್ ಕೇಳಿದ. ಇಂಜಿನ್ ಹಿಂದಿಡುವುದನ್ನು ಕೂಪರಿನಿಂದಲೇ ಕಲಿತು, ಅದು ಯಾಕೆ ಕೆಲಸ ಮಾಡುತ್ತೆ ಅಂತ ಲೆಕ್ಕ ಹಾಕಿ, 1962ರ ಲೋಟಸ್ 25ರಲ್ಲಿ ಕೊಳವೆಯ ಚೌಕಟ್ಟನ್ನೇ ಕೈಬಿಟ್ಟ. 1960ರ ನಂತರ ಕೂಪರ್ ಗೆದ್ದ ವಿಶ್ವ ಚಾಂಪಿಯನ್‌ಶಿಪ್ ರೇಸ್‌ಗಳು ಮೂರೇ ಮೂರು.

ಇಷ್ಟು ಉರಿ ಯಾಕೆ ಅಂತೀರಾ? ಆಫೀಸಿನಲ್ಲಿ ಒಂದು ರಾತ್ರಿ ರಿಲೀಸ್ ಉಳಿಸೋಕೆ ನಾನು ಹಚ್ಚಿದ ತೇಪೆ ಮೂರು ವರ್ಷದಿಂದ ಓಡ್ತಾ ಇದೆ. ಈಗ ಅದರ ಹೆಸರು 'ಆರ್ಕಿಟೆಕ್ಚರ್'. ಆ ಸ್ಲೈಡ್ ಮಾಡಿದವನೂ ನಾನೇ. ಮೊನ್ನೆ ಹೊಸ ಹುಡುಗಿಯೊಬ್ಬಳು, "ಸರ್, ಇದು ಯಾಕೆ ಹೀಗಿದೆ?" ಅಂದಳು. ದೂರದೃಷ್ಟಿ ಅಂತೇನೋ ಹೇಳಿದೆ. ಬರೆದುಕೊಂಡಳು, ಪಾಪ. ನಾಳೆ ಅವಳ ಹತ್ತಿರ ಹೋಗಿ ಹೇಳಬೇಕು, ಚೈನು ಗಿಡ್ಡ ಇತ್ತು ಕಣಮ್ಮಾ ಅಂತ.