ಮೂಲ ಕನ್ನಡ, ಅನುವಾದ ಇಂಗ್ಲಿಷು

ಸಾಹಿತ್ಯಕ್ಕೆ ಮೀಸಲಾದ ಈ ಪುಟದಲ್ಲಿ ರೋಗರುಜಿನಗಳ ವರದಿಯನ್ನು ವಿಮರ್ಶೆಗೆ ಎತ್ತಿಕೊಂಡದ್ದು ಕೆಲವು ವಾಚಕರಿಗೆ ಅಪ್ರಸ್ತುತವೆಂದು ತೋರೀತು. ಕವನ ಸಂಕಲನಗಳು ಮೇಜಿನ ಮೇಲೆ ಕಾದಿವೆ. ಅವು ಇನ್ನೊಂದು ವಾರ ಕಾದರೆ ಕವಿಗಳಿಗೇನೂ ನಷ್ಟವಾಗದು. ಈ ಕಾಗದದ ಕಟ್ಟನ್ನು ಬಿಚ್ಚಿದ್ದಕ್ಕೆ ಕಾರಣವುಂಟು. ಜಮಖಂಡಿ, ಮುಧೋಳ ಸೀಮೆಯ ಹಳ್ಳಿಗಳ ಒಳಮನೆಯನ್ನು ಕಳೆದ ಎರಡು ದಶಕಗಳಲ್ಲಿ ಹತ್ತಿರದಿಂದ ಕಂಡು ಬರೆದವರಲ್ಲಿ ನಮ್ಮ ಕಾದಂಬರಿಕಾರರಿಗಿಂತ ಆರೋಗ್ಯ ಸಂಶೋಧಕರೇ ಮುಂದಾಗಿದ್ದಾರೆಂದು ನನ್ನ ಅಭಿಪ್ರಾಯ. ಬರವಣಿಗೆ ಎಂದಮೇಲೆ ಅದು ವಿಮರ್ಶೆಗೆ ಹೊರತಲ್ಲವಷ್ಟೆ.

ಮುಧೋಳವೆಂದರೆ ಬೆಂಗಳೂರು ಮೈಸೂರುಗಳ ಓದುಗನಿಗೆ ಎರಡು ನೆನಪು: ಬಳೆಗಾರರ ಮನೆಯಲ್ಲಿ ಹುಟ್ಟಿ ಕವಿಚಕ್ರವರ್ತಿಯಾದ ರನ್ನ ಒಂದು, ಬೇಟೆನಾಯಿ ಇನ್ನೊಂದು. ಜಮಖಂಡಿ ಎಂದರೆ ಪಟವರ್ಧನರ ಸಂಸ್ಥಾನ. ರಬಕವಿ-ಬನಹಟ್ಟಿ ಎಂದರೆ ಸೀರೆ, ಮಗ್ಗ. ಬೀಳಗಿ ಎಂದರೆ ಆಲಮಟ್ಟಿಯ ಹಿನ್ನೀರು. ಆದರೆ ವಿದೇಶದ ವೈದ್ಯಕೀಯ ಪತ್ರಿಕೆಗಳನ್ನು ತಿರುವಿಹಾಕುವವರಿಗೆ ಈ ಸೀಮೆಯ ಪರಿಚಯ ಬೇರೆಯೇ ಬಗೆಯದು. ಎಚ್.ಐ.ವಿ. ಸೋಂಕು ಹಳ್ಳಿಗಳಲ್ಲಿ ಹೇಗೆ ಹಬ್ಬುತ್ತದೆ ಎಂಬುದಕ್ಕೆ ಬಾಗಲಕೋಟೆ ಜಿಲ್ಲೆ ಅವರಿಗೆ ಒಂದು ನಿದರ್ಶನ.

ಅದಕ್ಕೆ ಮೂಲ 2003ರಲ್ಲಿ ಜಿಲ್ಲೆಯಲ್ಲಿ ನಡೆದ ಸಮೀಕ್ಷೆ. ಆಸ್ಪತ್ರೆಗೆ ಬಂದವರನ್ನಷ್ಟೇ ಎಣಿಸದೆ, ಊರು ಕೇರಿಗಳಲ್ಲಿ ಜನಸಾಮಾನ್ಯರನ್ನು ಆರಿಸಿ, ರಕ್ತಪರೀಕ್ಷೆ ಸಮೇತ ಮಾಡಿದ ಕೆಲಸ ಅದು. ಫಲಿತಾಂಶ 2007ರಲ್ಲಿ ‘ಏಡ್ಸ್’ ಎಂಬ ಹೆಸರಿನ ಪತ್ರಿಕೆಯಲ್ಲಿ ಅಚ್ಚಾಯಿತು. ಪರೀಕ್ಷೆಗೊಳಗಾದ ವಯಸ್ಕರಲ್ಲಿ ಶೇಕಡಾ 2.9 ಮಂದಿಗೆ ಸೋಂಕು. ಅದೂ ಪಟ್ಟಣಕ್ಕಿಂತ ಹಳ್ಳಿಗಳಲ್ಲಿ ಹೆಚ್ಚು. ಬಂದರು, ಮಹಾನಗರ, ಲಾರಿ ತಂಗುವ ಹೆದ್ದಾರಿ, ಇವುಗಳ ರೋಗ ಇದು ಎಂದು ನಂಬಿ ಕೂತಿದ್ದವರಿಗೆ ಕಬ್ಬು ಜೋಳ ಬೆಳೆಯುವ ಹಳ್ಳಿಗಳಿಂದ ಈ ಸುದ್ದಿ ಬಂತು. ಆ ಅಂಕಿ ಇಂದಿನದಲ್ಲವೆಂಬುದನ್ನು ಒತ್ತಿ ಹೇಳಬೇಕು. 2004ರಿಂದ ಸರಕಾರ ಪುಕ್ಕಟೆ ಔಷಧಿ ಕೊಡಲು ಆರಂಭಿಸಿತು. ರಾಜ್ಯದಲ್ಲಿ ಸೋಂಕಿನ ಪ್ರಮಾಣ ಅಲ್ಲಿಂದೀಚೆಗೆ ಬಹಳ ತಗ್ಗಿದೆ. ಹಳೆಯ ಅಂಕಿಯನ್ನು ಹಿಡಿದು ಇಂದಿನ ಜಿಲ್ಲೆಗೆ ಹೆಸರಿಡುವುದು ಅನ್ಯಾಯ.

ಕಟ್ಟಿನಲ್ಲಿರುವ ಎರಡನೆಯ ಪ್ರಬಂಧ 2005ರದು. ಕರ್ನಾಟಕದ ನಾನಾ ಕಡೆ ಮೈಮಾರಿ ಜೀವಿಸುವ 1588 ಹೆಂಗಸರನ್ನು ಮಾತನಾಡಿಸಿ ಬರೆದದ್ದು. ಅವರಲ್ಲಿ ಶೇಕಡಾ 26 ಮಂದಿ ಈ ದಾರಿಗೆ ಬಂದದ್ದು ದೇವದಾಸಿ ಪದ್ಧತಿಯ ಮೂಲಕ. ಅವರು ಹೆಚ್ಚಾಗಿ ಹಳ್ಳಿಗಳಲ್ಲಿ, ತಮ್ಮ ಮನೆಗಳಲ್ಲೇ ಇರುವವರು. ಉಳಿದ ಹೆಂಗಸರು ಈ ಬಾಳಿಗೆ ಕಾಲಿಟ್ಟಾಗಿನ ಸರಾಸರಿ ವಯಸ್ಸು 21.8 ವರ್ಷ, ದೇವರಿಗೆ ಮುತ್ತು ಕಟ್ಟಿಸಿಕೊಂಡವರದು 15.7.

ಈ ಕೊನೆಯ ಅಂಕಿಯ ಮುಂದೆ ನಾನು ಬಹಳ ಹೊತ್ತು ನಿಂತೆ. ಹದಿನೈದು ಮತ್ತು ಸುಮಾರು ಮುಕ್ಕಾಲು ವರ್ಷ ಎಂದರೆ ಹುಡುಗಿ ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ಕೂಡುವ ವಯಸ್ಸು. ಸರಾಸರಿ ಎಂದಮೇಲೆ ಅದಕ್ಕಿಂತ ಚಿಕ್ಕವರೂ ಇದ್ದರೆಂದಾಯಿತು. ಮುತ್ತು ಕಟ್ಟುವುದನ್ನು ನಿಷೇಧಿಸಿ ನಮ್ಮ ಶಾಸನಸಭೆ ಕಾನೂನು ಮಾಡಿದ್ದು 1982ರಲ್ಲಿ. ಕಾನೂನಿನ ಪುಸ್ತಕವನ್ನೂ ಈ ಕೋಷ್ಟಕವನ್ನೂ ಅಕ್ಕಪಕ್ಕ ಇಟ್ಟು ಓದಿದರೆ ಯಾವ ಕಾದಂಬರಿಯೂ ಕೊಡದ ಸಂಕಟವಾಗುತ್ತದೆ. ಪ್ರಬಂಧಕಾರರು ಒಂದು ವಿಶೇಷಣವನ್ನೂ ಸೇರಿಸಿಲ್ಲ, ಎರಡು ಅಂಕಿಗಳನ್ನು ಒಂದರ ಪಕ್ಕ ಒಂದು ಬರೆದು ಮುಂದೆ ಸಾಗಿದ್ದಾರೆ. ನಮ್ಮ ಎಷ್ಟೋ ಸಾಮಾಜಿಕ ಕಾದಂಬರಿಗಳಲ್ಲಿ ಇಂಥ ಸಂಯಮ ಕಾಣೆ.

ಇನ್ನು ಮುಧೋಳ, ಜಮಖಂಡಿ ತಾಲ್ಲೂಕುಗಳಿಗೇ ನೇರವಾಗಿ ಸಂಬಂಧಿಸಿದ ಪ್ರಯೋಗಕ್ಕೆ ಬರೋಣ. ಅದರ ಹೆಸರು ‘ಸಂವೇದನಾ ಪ್ಲಸ್’. ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್ ಎಂಬ ಸಂಸ್ಥೆಯೂ ಲಂಡನ್ನಿನ ವಿದ್ವಾಂಸರೂ ಸೇರಿ ಮಾಡಿದ್ದು. ಆ ಎರಡು ತಾಲ್ಲೂಕುಗಳ 47 ಹಳ್ಳಿಗಳನ್ನು ತೆಗೆದುಕೊಂಡು, ಚೀಟಿ ಎತ್ತಿದಂತೆ ಎರಡು ಪಾಲು ಮಾಡಿದರು. ಒಂದು ಪಾಲಿನ ಹಳ್ಳಿಗಳಲ್ಲಿ ಹೆಂಗಸರೊಂದಿಗೆ, ಅವರ ಜೊತೆಗಾರರಾದ ಗಂಡಸರೊಂದಿಗೆ, ಊರವರೊಂದಿಗೆ ಕೂತು ಮಾತನಾಡುವ ಕಾರ್ಯಕ್ರಮ. ಇನ್ನೊಂದು ಪಾಲಿನವರು ಸದ್ಯಕ್ಕೆ ಕಾಯಬೇಕು. ಪ್ರಶ್ನೆ ಎರಡೇ: ಜೊತೆಗಾರನಿಂದ ಆಗುವ ಹೊಡೆತ ಬಡಿತ ಕಡಿಮೆಯಾಗುತ್ತದೆಯೆ? ಆತನೊಂದಿಗೆ ನಿರೋಧ್ ಬಳಕೆ ಹೆಚ್ಚುತ್ತದೆಯೆ? ಗಿರಾಕಿಯೊಂದಿಗೆ ಎಚ್ಚರವಾಗಿರುವ ಹೆಂಗಸು ತನ್ನವನೆಂದು ನಂಬಿದವನೊಂದಿಗೆ ಎಚ್ಚರ ತಪ್ಪುತ್ತಾಳೆ; ರೋಗ ನುಸುಳುವ ಬಾಗಿಲು ಅಲ್ಲಿದೆ ಎಂಬುದು ಇದರ ಹಿಂದಿನ ತರ್ಕ.

ಊರಿನೊಳಗೆ ಕೆಲಸ ನಡೆದದ್ದು ಆ ಹೆಂಗಸರದೇ ಸಂಘದ ನೆರವಿನಿಂದ. ‘ಚೈತನ್ಯ ಏಡ್ಸ್ ತಡೆಗಟ್ಟುವ ಮಹಿಳಾ ಸಂಘ’ ಎಂದು ಅದರ ಹೆಸರು. ಇಂಗ್ಲಿಷ್ ಪ್ರಬಂಧದಲ್ಲಿ ಈ ಹೆಸರನ್ನು ಅನುವಾದಿಸದೆ, ರೋಮನ್ ಲಿಪಿಯಲ್ಲಿ ಹಾಗೆಯೇ ಇಟ್ಟಿದ್ದಾರೆ. ‘ತಡೆಗಟ್ಟುವ’ ಎಂಬ ನಮ್ಮ ಕೃದಂತ ಆ ಪರದೇಶದ ವಾಕ್ಯದ ನಡುವೆ ಕೂತಿರುವುದನ್ನು ಕಂಡು, ಜಾತ್ರೆಯಲ್ಲಿ ಊರಿನವರು ಎದುರಾದಷ್ಟು ಸಂತೋಷವಾಯಿತು.

ಆ ಸಂತೋಷದ ಹಿಂದೆಯೇ ನನ್ನ ಮುಖ್ಯ ಆಕ್ಷೇಪಣೆಯೂ ಇದೆ. ಈ ಪ್ರಬಂಧಗಳ ಮೂಲ ಯಾವ ಭಾಷೆಯದು? ಎಲ್ಲರೂ ಇಂಗ್ಲಿಷೆನ್ನುತ್ತಾರೆ. ನಾನು ಒಪ್ಪಲಾರೆ. ಪ್ರಶ್ನೆ ಕೇಳಿದ್ದು ಕನ್ನಡದಲ್ಲಿ, ಉತ್ತರ ಬಂದದ್ದು ಕನ್ನಡದಲ್ಲಿ, ಅದೂ ಘಟಪ್ರಭೆಯ ದಂಡೆಯ ಕನ್ನಡದಲ್ಲಿ. ಮೂಲವೆಂದರೆ ಅದೇ. ನಮ್ಮ ಕೈಗೆ ಬಂದಿರುವುದು ಅದರ ಅನುವಾದ. ಅನುವಾದವನ್ನು ಜಗತ್ತೆಲ್ಲ ಓದುತ್ತದೆ. ಮೂಲ ಮಾತ್ರ ಅಚ್ಚು ಕಾಣದೆ ಉಳಿಯುತ್ತದೆ. ಸಾಹಿತ್ಯದಲ್ಲಿ ಹೀಗಾಗಿದ್ದರೆ ನಾವು ಸುಮ್ಮನಿರುತ್ತಿದ್ದೆವೆ?

ಇದು ಭಾಷಾಭಿಮಾನದ ಮಾತಲ್ಲ. ಲೆಕ್ಕವೇ ಇದರ ಮೇಲೆ ನಿಂತಿದೆ. ಇಂಗ್ಲಿಷ್ ಪುಟದಲ್ಲಿರುವ ಒಂದು ಪದದ ಅರ್ಥ ‘ಆಪ್ತ ಸಂಗಾತಿ’ ಎಂದು. ಮುತ್ತು ಕಟ್ಟಿಸಿಕೊಂಡವಳಿಗೆ ರೂಢಿಯ ಪ್ರಕಾರ ಮದುವೆಯಿಲ್ಲ. ಆದರೂ ವರ್ಷಾನುಗಟ್ಟಲೆ ಜೊತೆಗಿದ್ದು, ಮಕ್ಕಳಾಗಿ, ಖರ್ಚಿಗೆ ಕೊಟ್ಟು, ಹಬ್ಬಕ್ಕೆ ಬರುವ ಗಂಡಸೊಬ್ಬನಿರುತ್ತಾನೆ. ಊರು ಅವನನ್ನು ‘ಇಟ್ಟುಕೊಂಡಾಂವ’ ಎನ್ನುತ್ತದೆ. ಆಕೆಯ ಬಾಯಲ್ಲಿ ಅವನು ‘ನಮ್ಮ ಮನಿಯವರು’ ಆದಾನು. ಈ ಎರಡು ಮಾತುಗಳ ನಡುವೆ ಎಷ್ಟು ದೂರ! ಒಂದರಲ್ಲಿ ಊರಿನ ತಿರಸ್ಕಾರ, ಇನ್ನೊಂದರಲ್ಲಿ ಆಕೆಯ ಹಂಬಲ. ‘ಆಪ್ತ ಸಂಗಾತಿ’ಯಲ್ಲಿ ಎರಡೂ ಇಲ್ಲ. ನಿರೋಧ್ ಬೇಕೆಂದು ಆಕೆ ಅವನಿಗೆ ಏಕೆ ಹೇಳಲಾರಳು ಎಂಬುದರ ಗುಟ್ಟು ‘ಮನಿಯವರು’ ಎಂಬ ಮಾತಿನಲ್ಲೇ ಅಡಗಿದೆಯಲ್ಲವೆ?

ಹೊಡೆತದ ವಿಷಯವೂ ಹಾಗೆಯೇ. ‘ಬಡದಾನೇನು?’ ಎಂದು ಕೇಳಿದರೆ ಬರುವ ಉತ್ತರ ಒಂದು, ‘ಕೈ ಮಾಡ್ಯಾನೇನು?’ ಎಂದರೆ ಇನ್ನೊಂದು. ‘ಹಿಂಸೆ’ ಎಂಬ ಪುಸ್ತಕದ ಪದವನ್ನು ಬಳಸಿದರಂತೂ, ‘ಹಿಂಸೆ ಗಿಂಸೆ ಏನಿಲ್ರೀ, ಸಿಟ್ಟ ಬಂದಾಗ ಒಂದೇಟು ಹಾಕತಾನ’ ಎಂಬ ಉತ್ತರ ಬಂದರೆ ಆಶ್ಚರ್ಯವಿಲ್ಲ. ಗುಮಾಸ್ತ ಅದನ್ನು ‘ಇಲ್ಲ’ ಎಂಬ ಮನೆಯಲ್ಲಿ ಗುರುತು ಹಾಕಬೇಕೋ, ‘ಹೌದು’ ಎಂಬಲ್ಲಿಯೋ? ದಶಾಂಶದ ಮುಂದಿನ ಸ್ಥಾನದವರೆಗೂ ಲೆಕ್ಕ ಮಾಡುವವರು, ಆ ಲೆಕ್ಕ ಹುಟ್ಟಿದ ಕನ್ನಡ ವಾಕ್ಯವನ್ನೂ ಪ್ರಬಂಧದೊಂದಿಗೆ ಅಚ್ಚು ಹಾಕಬೇಡವೆ?

ಇಷ್ಟು ಹೇಳಿದಮೇಲೆ ಮೆಚ್ಚತಕ್ಕದ್ದನ್ನೂ ಹೇಳಬೇಕು. 2019ರಲ್ಲಿ ಪ್ರಕಟವಾದ ಫಲಿತಾಂಶವನ್ನು ಓದಿ ನಾನು ಆ ಬರಹಗಾರರಿಗೆ ಮನಸ್ಸಿನಲ್ಲೇ ಕೈಮುಗಿದೆ. ಕೇಳಿದ ಎರಡೂ ಪ್ರಶ್ನೆಗಳಿಗೆ ಬಂದ ಉತ್ತರ: ಇಲ್ಲ. ಕಾರ್ಯಕ್ರಮ ನಡೆದ ಹಳ್ಳಿಗಳಿಗೂ ಕಾದು ಕೂತ ಹಳ್ಳಿಗಳಿಗೂ ಹೊಡೆತದಲ್ಲಾಗಲಿ, ನಿರೋಧ್ ಬಳಕೆಯಲ್ಲಾಗಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಂಡುಬರಲಿಲ್ಲ. ಹೊಡೆತ ತಿನ್ನುವುದು ಹಣೆಬರಹವೆಂಬ ಭಾವನೆ ಹೆಂಗಸರಲ್ಲಿ ಕಡಿಮೆಯಾಯಿತು. ತಮ್ಮನ್ನು ಕಾಪಾಡಿಕೊಳ್ಳುವ ಉಪಾಯಗಳ ತಿಳಿವು, ಒಬ್ಬರಿಗೊಬ್ಬರು ಆಗುವ ಗುಣ ಹೆಚ್ಚಿತು. ಅಷ್ಟೇ. ಇದನ್ನು ಮರೆಮಾಚದೆ ಬರೆದಿದ್ದಾರೆ. ಇದೇ ಸುಮಾರಿಗೆ ವಿಜಾಪುರ, ಬಾಗಲಕೋಟೆ ಜಿಲ್ಲೆಗಳಲ್ಲಿ ಪರಿಶಿಷ್ಟ ಜಾತಿ, ಪಂಗಡಗಳ ಹುಡುಗಿಯರನ್ನು ಹೈಸ್ಕೂಲಿನಲ್ಲಿ ಉಳಿಸಲು ನಡೆದ ‘ಸಮತಾ’ ಎಂಬ ದೊಡ್ಡ ಪ್ರಯೋಗವೂ ಒಟ್ಟಿನಲ್ಲಿ ನಿರೀಕ್ಷಿಸಿದ ಫಲ ಕೊಡಲಿಲ್ಲವೆಂದು ವರದಿಯಾಗಿದೆ. ನಮ್ಮ ಸರಕಾರಿ ಇಲಾಖೆಗಳ ವಾರ್ಷಿಕ ವರದಿಗಳಲ್ಲಿ ‘ಫಲ ಸಿಗಲಿಲ್ಲ’ ಎಂಬ ವಾಕ್ಯವನ್ನು ಓದಿದ ನೆನಪು ನನಗಿಲ್ಲ; ಪುಸ್ತಕಗಳ ಮುನ್ನುಡಿಗಳಲ್ಲಂತೂ ಇಲ್ಲವೇ ಇಲ್ಲ.

ಆದರೆ ‘ಇಲ್ಲ’ ಎಂಬ ಉತ್ತರದ ಅರ್ಥವೇನು? ಪ್ರಯೋಗಶಾಲೆಯಲ್ಲಿ ಎರಡು ಸೀಸೆಗಳ ನಡುವೆ ಗಾಜಿದೆ. ಮುಧೋಳ ತಾಲ್ಲೂಕಿನ ಎರಡು ಹಳ್ಳಿಗಳ ನಡುವೆ ಏನಿದೆ? ಕಬ್ಬಿನ ಗದ್ದೆ, ಒಂದು ಹಳ್ಳ, ಸಂತೆಯ ದಾರಿ. ಮಾತು ಬಸ್ಸಿನಲ್ಲಿ ಕೂತು ಪಕ್ಕದೂರಿಗೆ ಹೋಗುತ್ತದೆ. ಎರಡು ಪಾಲಿನ ಹೆಂಗಸರೂ ಅದೇ ಸಂತೆಗೆ ಹೋಗುವವರು, ಅದೇ ಸವದತ್ತಿಯ ಗುಡ್ಡಕ್ಕೆ ಹತ್ತುವವರು. ಅದೂ ಅಲ್ಲದೆ ಹೊಡೆಯುವ ಕೈ ಎರಡು ಮೂರು ವರ್ಷಗಳ ಸಭೆಗಳಿಂದ ಕೆಳಗಿಳಿಯುತ್ತದೆಂದು ನಿರೀಕ್ಷಿಸುವುದೂ ಅತಿಯಾಸೆಯೇ. ಹೆಂಗಸಿನ ಹೆಸರಿಗೆ ಒಂದು ತುಂಡು ಹೊಲ, ಒಂದು ಮನೆ ಇದ್ದಿದ್ದರೆ ಫಲಿತಾಂಶ ಹೇಗಿರುತ್ತಿತ್ತು ಎಂದು ಪ್ರಬಂಧ ಓದುತ್ತ ಓದುತ್ತ ನನಗೆ ಅನಿಸಿತು. ಮಾತು ಕಲಿಸಬಹುದು; ಮಾತಿನ ಹಿಂದೆ ನಿಲ್ಲಲು ನೆಲ ಬೇಕು.

ಇನ್ನೊಂದು ಕೊರತೆ ವಿಷಯದ ಆಯ್ಕೆಯದು. ಹಣ ಹರಿದ ಕಾಲುವೆಯಲ್ಲಿಯೇ ಪ್ರಶ್ನೆಗಳೂ ಹರಿಯುತ್ತವೆ. 2003ರ ನಂತರ ಗೇಟ್ಸ್ ಪ್ರತಿಷ್ಠಾನದ ‘ಆವಾಹನ್’ ಯೋಜನೆಯಂಥವುಗಳಿಂದ ಎಚ್.ಐ.ವಿ.ಗೆ ಹಣ ಬಂತು, ಸಂಶೋಧಕರೂ ಬಂದರು. ಒಳ್ಳೆಯದೇ ಆಯಿತು. ಆದರೆ ನನ್ನ ಈ ಕಟ್ಟಿನಲ್ಲಿ ರಬಕವಿ-ಬನಹಟ್ಟಿಯ ನೇಕಾರನಿಲ್ಲ. ವಿದ್ಯುತ್ ಮಗ್ಗದ ಸದ್ದಿನಲ್ಲಿ ದಿನವೂ ಗಂಟೆಗಟ್ಟಲೆ ನಿಲ್ಲುವವನ ಕಿವಿ, ಕೈಮಗ್ಗದ ಗುಂಡಿಯಲ್ಲಿ ಕಾಲಿಳಿಬಿಟ್ಟು ಕೂತವನ ಸೊಂಟ, ಹತ್ತಿಯ ಧೂಳು ಕುಡಿದ ಎದೆ, ಇವುಗಳ ಕಥೆಯನ್ನು ಅದೇ ಶ್ರದ್ಧೆಯಿಂದ ಕೇಳುವವರು ಬೇಕು. ಹತ್ತಿಯ ಧೂಳಿನಿಂದ ಬರುವ ಎದೆಬಿಗಿತಕ್ಕೆ ಇಂಗ್ಲಿಷಿನಲ್ಲಿ ‘ಸೋಮವಾರದ ಜ್ವರ’ ಎಂಬ ಅಡ್ಡಹೆಸರುಂಟು: ಭಾನುವಾರ ರಜ ಕಳೆದು ಗಿರಣಿಗೆ ಮರಳಿದ ದಿನ ಅದು ಹೆಚ್ಚಾಗಿ ಕಾಡುತ್ತದೆ. ಆ ಹೆಸರಿನಲ್ಲಿ ಇಂಗ್ಲೆಂಡಿನ ಗಿರಣಿಯ ವಾರದ ಲೆಕ್ಕ ಕೂತಿದೆ. ಬನಹಟ್ಟಿಯಲ್ಲಿ ‘ದಮ್ಮು’ ಎಂದು ಹೇಳಿ ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬಿಬಿಟ್ಟರೆ ವೈದ್ಯನಿಗೂ ಮಗ್ಗದ ನೆನಪಾಗುವುದಿಲ್ಲ.

ರಬಕವಿ-ಬನಹಟ್ಟಿ ಸ್ವತಂತ್ರ ತಾಲ್ಲೂಕಾಗುವ ಮೊದಲು ನಡೆದ ಅಧ್ಯಯನಗಳಿಗೆ ಅದು ಜಮಖಂಡಿಯ ಹೊಟ್ಟೆಯೊಳಗಿನ ಊರು. ಹಳೆಯ ಕೋಷ್ಟಕಗಳಲ್ಲಿ ಅದನ್ನು ಹುಡುಕುವವರು ಜಮಖಂಡಿಯ ಸಾಲಿನಲ್ಲೇ ಹುಡುಕಬೇಕು. ಬೀಳಗಿಯ ಸಮಸ್ಯೆ ಮತ್ತೂ ವಿಚಿತ್ರ. ಕೃಷ್ಣೆಯ ಹಿನ್ನೀರಿಗೆ ಹೊಲ ಮನೆ ಬಿಟ್ಟುಕೊಟ್ಟವರು ಪುನರ್ವಸತಿ ಕೇಂದ್ರಗಳಿಗೆ ಬಂದಿದ್ದಾರೆ. ಊರಿನ ಹೆಸರು ಅದೇ, ನೆಲ ಬೇರೆ, ಬಾವಿ ಬೇರೆ, ನೆರೆಹೊರೆ ಬೇರೆ. ಹಳ್ಳಿಯನ್ನೇ ಅಳತೆಗೋಲಾಗಿ ಹಿಡಿದು ಹೊರಡುವ ಸಂಶೋಧಕ ಇಲ್ಲಿ ಯಾವುದನ್ನು ಹಳ್ಳಿಯೆಂದು ಎಣಿಸಬೇಕು?

ಇಂಥ ವಿಷಯಗಳನ್ನು ಕನ್ನಡದಲ್ಲಿ ಬರೆಯಲು ಬಾರದು, ಪರಿಭಾಷೆಯಿಲ್ಲ, ಮುಜುಗರವಾಗುತ್ತದೆ ಎನ್ನುವವರಿದ್ದಾರೆ. ಅವರು ಡಾ. ಅನುಪಮಾ ನಿರಂಜನರನ್ನು ಓದಿಲ್ಲವೆಂದು ಕಾಣುತ್ತದೆ. ‘ತಾಯಿ-ಮಗು’, ‘ದಾಂಪತ್ಯ ದೀಪಿಕೆ’ಗಳಲ್ಲಿ ಆ ವೈದ್ಯೆ ಹೆಣ್ಣಿನ ದೇಹದ ವಿಷಯವನ್ನು ಮಧ್ಯಮವರ್ಗದ ಗೃಹಿಣಿಯ ಕೈಗೆ ಸಂಕೋಚವಿಲ್ಲದೆ ಇಟ್ಟರು, ಆ ಪುಸ್ತಕಗಳನ್ನು ಕನ್ನಡಿಗರು ಕೊಂಡು ಓದಿದರು. ಕನ್ನಡಕ್ಕೆ ಶಕ್ತಿ ಸಾಲದೆಂಬ ಮಾತು ಅಲ್ಲಿಗೇ ಮುಗಿದಿದೆ.

ಫಲಿತಾಂಶಗಳನ್ನು ಸಂಘದ ಸಭೆಗಳಲ್ಲಿ ಬಾಯಿಮಾತಿನಿಂದ ತಿಳಿಸಿರಲೂಬಹುದು. ನಾನು ಕೇಳುತ್ತಿರುವುದು ಅಚ್ಚಿನಲ್ಲಿ. ಇಷ್ಟು ದೊಡ್ಡ ಪ್ರಯೋಗಕ್ಕೆ ಹಣ ಕೊಟ್ಟವರಿಗೆ ನೂರೈವತ್ತು ಪುಟದ ಒಂದು ಕನ್ನಡ ಪುಸ್ತಕ ಭಾರವಾಗದು. ಅದರಲ್ಲಿ ಕನ್ನಡ ಪ್ರಶ್ನಾವಳಿ ಇದ್ದಂತೆಯೇ ಇರಲಿ. ಹೆಂಗಸರ ಉತ್ತರಗಳು, ಹೆಸರು ಊರುಗಳ ಗುರುತು ಅಳಿಸಿ, ಅವರ ಮಾತಿನಲ್ಲೇ ಇರಲಿ. ‘ಫಲ ಸಿಗಲಿಲ್ಲ’ ಎಂಬ ಅಧ್ಯಾಯವೂ ಇರಲಿ. ಓದಲು ಬಾರದವರಿಗೆ ಓದಿ ಹೇಳಲು ಅವರ ಮಕ್ಕಳಿದ್ದಾರೆ. ಬಿಡುಗಡೆಯ ಸಮಾರಂಭವನ್ನು ಮಾತ್ರ ಬೆಂಗಳೂರಿನ ಹೋಟೆಲಿನಲ್ಲಿ ಇಟ್ಟುಕೊಳ್ಳದೆ ಮುಧೋಳದಲ್ಲಿ, ಸಂತೆಯಿಲ್ಲದ ದಿನ ನೋಡಿ, ಇಟ್ಟುಕೊಳ್ಳಬೇಕು. ವಿಮರ್ಶೆಗೆ ಒಂದು ಪ್ರತಿ ಈ ಪತ್ರಿಕೆಗೂ ಬರಲಿ.