ಧ್ರುವೀಯತೆ ಎಂಬ ಮೊತ್ತ: ಮ್ಯಾಕ್‌ರೆನಾಲ್ಡ್ಸ್ ಕೋಷ್ಟಕವನ್ನು ಕುರಿತು ಒಂದು ವಿಮರ್ಶೆ

ಗ್ಯಾಸ್ ಕ್ರೊಮಾಟೋಗ್ರಫಿಯ ಇತಿಹಾಸವನ್ನು ಬರೆದವರಲ್ಲಿ ಹೆಚ್ಚಿನವರು ಆ ವಿದ್ಯೆಯಲ್ಲಿ ತಾವೇ ದುಡಿದ ರಸಾಯನಶಾಸ್ತ್ರಜ್ಞರು. ಅವರ ನಿರೂಪಣೆಯಲ್ಲಿ ನಾಳದ ಕಥೆಗೆ ಅಗ್ರಸ್ಥಾನ ದೊರೆತಿರುವುದು ಸಹಜ: ೧೯೫೨ರಲ್ಲಿ ಜೇಮ್ಸ್ ಮತ್ತು ಮಾರ್ಟಿನ್ನರ ತುಂಬುನಾಳ, ೧೯೫೮ರ ಹೊತ್ತಿಗೆ ಗೊಲೆಯ ಲೋಮನಾಳ, ೧೯೭೯ರಲ್ಲಿ ಬಾಗುವ ಸಿಲಿಕಾ ನಾಳ. ನಾಳದೊಳಗೆ ಲೇಪಿಸಿದ ದ್ರವಕ್ಕೆ, ಎಂದರೆ ಸ್ಥಾಯೀ ಪ್ರಾವಸ್ಥೆಗೆ, ಸಂದ ಪುಟಗಳು ಕಡಮೆ. ಆದರೆ ಅನಿಲದೊಡನೆ ಸಾಗುವ ಆವಿಗಳಲ್ಲಿ ಯಾವುದು ಬೇಗ ಹೊರಬೀಳಬೇಕು, ಯಾವುದು ತಡೆದು ನಿಲ್ಲಬೇಕು ಎಂಬುದನ್ನು ಬಹುಮಟ್ಟಿಗೆ ನಿರ್ಣಯಿಸುವುದು ಈ ದ್ರವವೇ. ಅದರ ಗುಣಕ್ಕೆ ಬಳಕೆಯಲ್ಲಿರುವ ‘ಧ್ರುವೀಯತೆ’ ಎಂಬ ಶಬ್ದವನ್ನೂ, ಆ ಶಬ್ದಕ್ಕೆ ಅಂಕೆಯ ರೂಪವನ್ನು ಕೊಟ್ಟ ಮ್ಯಾಕ್‌ರೆನಾಲ್ಡ್ಸ್ ಅವರ ೧೯೭೦ರ ಕೋಷ್ಟಕವನ್ನೂ ಇಲ್ಲಿ ಒಂದು ದಾಖಲೆಯಂತೆ ಪರೀಕ್ಷಿಸಲಾಗಿದೆ.

ಈ ಕೋಷ್ಟಕಕ್ಕೆ ಪೂರ್ವಜರುಂಟು. ೧೯೫೮ರಲ್ಲಿ ಕೊವಾಟ್ಸ್ ಸರಳ ಆಲ್ಕೇನುಗಳನ್ನು ಮೈಲುಗಲ್ಲುಗಳಂತೆ ನಿಲ್ಲಿಸಿ, ಕಾರ್ಬನ್ ಪರಮಾಣು ಒಂದಕ್ಕೆ ೧೦೦ರಂತೆ ಎಣಿಸಿ, ಪ್ರತಿಯೊಂದು ವಸ್ತುವಿಗೂ ಒಂದು ಸೂಚ್ಯಂಕವನ್ನು ಗೊತ್ತುಮಾಡಿದರು. ೧೯೬೬ರಲ್ಲಿ ರೋರ್‌ಷ್ನೈಡರ್, ಸ್ಕ್ವಾಲೇನಿನ ಮೇಲೆ ದೊರೆತ ಸೂಚ್ಯಂಕಕ್ಕೂ ಬೇರೊಂದು ದ್ರವದ ಮೇಲೆ ದೊರೆತುದಕ್ಕೂ ಇರುವ ಅಂತರವೇ ಆ ದ್ರವದ ಲಕ್ಷಣವೆಂದರು. (ಈ ಅಳತೆಯ ಸೊನ್ನೆಯಾದ ಸ್ಕ್ವಾಲೇನಿನ ಮೂಲ ಶಾರ್ಕ್ ಮೀನಿನ ಯಕೃತ್ತಿನ ಎಣ್ಣೆಯೆಂಬುದು ಒಂದು ವಿನೋದ.) ಮ್ಯಾಕ್‌ರೆನಾಲ್ಡ್ಸ್ ಪರೀಕ್ಷಾವಸ್ತುಗಳನ್ನು ಹತ್ತಕ್ಕೇರಿಸಿ, ೧೨೦ ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಇನ್ನೂರಕ್ಕೂ ಮಿಕ್ಕಿದ ದ್ರವಗಳನ್ನು ಅಳೆದರು. ಅವರ ಶ್ರಮ ಅಸಾಧಾರಣವಾದುದು. ಮುಂದೆ ಬಳಕೆಯಲ್ಲಿ ಆ ಹತ್ತು ಐದಾಯಿತು. ಐದನ್ನೂ ಕೂಡಿಸಿ ಒಂದೇ ಮೊತ್ತವನ್ನಾಗಿ ಮಾಡಲಾಯಿತು. ನಮ್ಮ ಆಕ್ಷೇಪವಿರುವುದು ಈ ಕೂಡಿಕೆಗೆ.

ಎರಡು ದ್ರವಗಳನ್ನು ತೆಗೆದುಕೊಳ್ಳೋಣ. ಕಾರ್ಬೊವ್ಯಾಕ್ಸ್ ೨೦ಎಂ ಎಂಬ ಪಾಲಿಎಥಿಲೀನ್ ಗ್ಲೈಕಾಲಿನ ಮೊತ್ತ ೨೩೦೮. ಟ್ರೈಫ್ಲೂರೊಪ್ರೊಪೈಲ್ ಸಿಲಿಕೋನಾದ ಓವಿ-೨೧೦ರದು ೧೫೨೦. ಮೊದಲನೆಯದು ‘ಹೆಚ್ಚು ಧ್ರುವೀಯ’ವೆಂದು ಹೇಳಿ ಮುಗಿಸುವುದು ವಾಡಿಕೆ. ಆದರೆ ಮೊತ್ತವನ್ನು ಬಿಡಿಸಿ ನೋಡಿದರೆ, ೨-ಪೆಂಟನೋನಿನ ಅಂಕೆ ಮೊದಲನೆಯದರಲ್ಲಿ ೩೬೮, ಎರಡನೆಯದರಲ್ಲಿ ೩೫೮, ಹೆಚ್ಚುಕಡಮೆ ಸಮಾನ. ಬ್ಯೂಟನಾಲಿನದಾದರೋ ೫೩೬ ಮತ್ತು ೨೩೮. ಪರಿಣಾಮವಾಗಿ ಓವಿ-೨೧೦ರ ಮೇಲೆ ಬ್ಯೂಟನಾಲು ಪೆಂಟನೋನಿಗಿಂತ ಮೊದಲು ಹೊರಬೀಳುತ್ತದೆ. ಕಾರ್ಬೊವ್ಯಾಕ್ಸಿನ ಮೇಲೆ ಅದರ ಹಿಂದೆ ಉಳಿಯುತ್ತದೆ. ಸರದಿಯೇ ತಿರುವುಮುರುವಾಗುವಾಗ, ಎರಡನ್ನೂ ಒಂದೇ ಏಣಿಯ ಮೇಲಿನ ಮತ್ತು ಕೆಳಗಿನ ಮೆಟ್ಟಿಲುಗಳೆನ್ನುವುದು ಹೇಗೆ ಸಾಧು? ಪಾಲಿಎಥಿಲೀನ್ ಗ್ಲೈಕಾಲಿನ ಆಕ್ಸಿಜನ್ನು ಆಲ್ಕೊಹಾಲಿನ ಹೈಡ್ರೊಜನ್ನನ್ನು ಹಿಡಿದಿಡುತ್ತದೆ. ಫ್ಲೂರಿನ್ ಯುಕ್ತ ಸಿಲಿಕೋನಿಗೆ ಆ ಶಕ್ತಿ ಅಲ್ಪ. ಇದು ಜಾತಿಯ ಭೇದವೇ ಹೊರತು ಪ್ರಮಾಣದ ಭೇದವಲ್ಲ.

ಅಳತೆಗೋಲೂ ಸಂದೇಹಕ್ಕೆ ಹೊರತಲ್ಲ. ಅತಿ ಧ್ರುವೀಯ ದ್ರವಗಳಲ್ಲಿ ಆಲ್ಕೇನುಗಳು ಸರಿಯಾಗಿ ಕರಗದೆ ಬಹುಪಾಲು ಮೇಲ್ಮೈಯಲ್ಲೇ ಅಂಟಿ ನಿಲ್ಲುತ್ತವೆ, ಮೈಲುಗಲ್ಲುಗಳೇ ಜರುಗಿದಂತಾಯಿತು. ನಮ್ಮ ಶಾಸನಗಳಲ್ಲಿ ‘ಮತ್ತರು’ ಎಂದು ಕಂಡ ಭೂಮಿಯನ್ನೆಲ್ಲ, ಯಾವ ಊರಿನ ಯಾವ ಕೋಲಿನಿಂದ ಅಳೆದುದೆಂದು ವಿಚಾರಿಸದೆ ಕೂಡಿಸುವವರನ್ನು ನಾವು ಒಪ್ಪುವುದಿಲ್ಲವಷ್ಟೆ.

ಈ ಅಂಕೆಗಳು ತುಂಬುನಾಳದವು. ಲೋಮನಾಳದ ಕಷ್ಟ ಬೇರೆ. ಧ್ರುವೀಯ ದ್ರವ ಗಾಜಿನ ಗೋಡೆಯ ಮೇಲೆ ಸಮನಾಗಿ ಹರಡದೆ ಹನಿಹನಿಯಾಗಿ ಒಡೆಯುತ್ತಿತ್ತು. ಗ್ರೋಬ್ ಮೊದಲಾದವರು ಗೋಡೆಯನ್ನು ಒರಟುಗೊಳಿಸಿ ಅದನ್ನು ನಿಲ್ಲಿಸಲು ಪಟ್ಟ ಪಾಡು ಮೊತ್ತದ ಯಾವ ಅಂಕೆಯಲ್ಲಿಯೂ ಕಾಣದು.

ಇದು ಬರಿಯ ಶಬ್ದದ ಜಗಳವಲ್ಲ. ಭಾರತದಲ್ಲಿ ೨೦೨೨ರ ಜನವರಿಯಿಂದ ಎಣ್ಣೆ-ಕೊಬ್ಬುಗಳಲ್ಲಿ ಕೈಗಾರಿಕಾ ಟ್ರಾನ್ಸ್ ಮೇದಾಮ್ಲವು ಶೇಕಡಾ ೨ನ್ನು ಮೀರುವಂತಿಲ್ಲ. ಇದರ ಎಣಿಕೆಗೆ ಸಯನೊಪ್ರೊಪೈಲ್ ಸಿಲಿಕೋನನ್ನು ಲೇಪಿಸಿದ ೧೦೦ ಮೀಟರ್ ಲೋಮನಾಳವನ್ನು ಬಳಸುತ್ತಾರೆ. ಅದರ ಮೊತ್ತ ಬಹಳ ದೊಡ್ಡದು, ನಿಜ. ಆದರೆ ಅದು ಟ್ರಾನ್ಸ್ ಮತ್ತು ಸಿಸ್ ರೂಪಗಳನ್ನು ಬೇರ್ಪಡಿಸುವುದು ದ್ವಿಬಂಧವನ್ನು ಗುರುತಿಸುವ ತನ್ನ ವಿಶೇಷ ಗುಣದಿಂದ. ಮೊತ್ತದಲ್ಲಿ ಸೇರಿದ ಐದು ವಸ್ತುಗಳಲ್ಲಿ ಈ ಗುಣವನ್ನು ನೇರವಾಗಿ ಕೇಳುವ ಉದ್ದಸರಪಣಿಯ ಅಪರ್ಯಾಪ್ತ ಹೈಡ್ರೊಕಾರ್ಬನ್ ಒಂದೂ ಇಲ್ಲ. ಮ್ಯಾಕ್‌ರೆನಾಲ್ಡ್ಸ್ ಅವರ ಹತ್ತರಲ್ಲಿ ೨-ಆಕ್ಟೈನ್ ಇತ್ತು. ಕೈಬಿಟ್ಟ ಐದರಲ್ಲಿ ಅದೂ ಹೋಯಿತು.