ಕೊಂದವನ ಹಾಡು, ಕೇಳುವವರ ಪಾಲು

ಬೇಸಿಗೆಯ ರಜೆಗೆ ಮಿಶ್ರಿಕೋಟಿಗೆ ಬಂದಿದ್ದ ಅಕ್ಕನ ಮಗ ಮನೆಯ ಮುಂದಿನ ಕಟ್ಟೆಯ ಮೇಲೆ ಕುಳಿತು, ಮೊಬೈಲಿನಲ್ಲಿ ಇಂಗ್ಲಿಷ್ ಹಾಡೊಂದನ್ನು ಕೇಳುತ್ತ ತಲೆದೂಗುತ್ತಿದ್ದ. ಅರ್ಥವೇನೆಂದು ಕೇಳಿದೆ. ಜನರ ಮೇಲೆ ಗುಂಡು ಹಾರಿಸುವವನೊಬ್ಬನ ಮಾತು ಅದೆಂದು ತಿಳಿದು ಬೆಚ್ಚಿದೆ. "ಮಾಮಾ, ಇದು ಅವನ್ನ ಹೊಗಳೂ ಹಾಡಲ್ಲ, ಬೈಯೂ ಹಾಡು" ಎಂದ ಹುಡುಗ. "ಹಂಗಾದ್ರ ನೀ ತಲಿ ಯಾಕ ತೂಗ್ತಿ?" ಎಂದೆ. ಅವನು ನಕ್ಕು ಸುಮ್ಮನಾದ. ಆ ಪ್ರಶ್ನೆ ಮಾತ್ರ ನನ್ನಲ್ಲಿ ಉಳಿಯಿತು.

ಹಾಡಿನ ಹೆಸರು 'ಬ್ಯಾಂಗ್ ಬ್ಯಾಂಗ್'. ಅಮೆರಿಕದ ಕ್ಯಾಲಿಫೋರ್ನಿಯಾದ 'ಗ್ರೀನ್ ಡೇ' ತಂಡವು ಇದನ್ನು 2016ರ ಆಗಸ್ಟ್ ತಿಂಗಳಲ್ಲಿ ಹೊರತಂದಿತು. 1970ರ ದಶಕದಲ್ಲಿ ರೂಪುಗೊಂಡ ಪಂಕ್ ರಾಕ್ ಎಂಬ ಪದ್ಧತಿಗೆ ಸೇರಿದ ಹಾಡಿದು. ಅಬ್ಬರದ ಗಿಟಾರು, ಓಡುವ ಡ್ರಮ್ಮು, ಕೂಗಿ ಹೇಳುವ ದನಿ ಆ ಪದ್ಧತಿಯ ಲಕ್ಷಣಗಳು. ಹಾಡುಗಾರ ಬಿಲ್ಲಿ ಜೋ ಆರ್ಮ್‌ಸ್ಟ್ರಾಂಗ್ ಅವರು ಅಮೆರಿಕದ ಸಾಮೂಹಿಕ ಹತ್ಯೆಗಳಿಗೂ ಸಾಮಾಜಿಕ ಜಾಲತಾಣಗಳು ಬೆಳೆಸಿದ ಆತ್ಮಪ್ರದರ್ಶನದ ಹುಚ್ಚಿಗೂ ಇರುವ ನಂಟನ್ನು ತೋರಿಸಲು ಕೊಲೆಗಾರನ ಬಾಯಿಯನ್ನೇ ಆರಿಸಿಕೊಂಡಿದ್ದಾರೆ. ಈ ಕೊಲೆಗಾರನಿಗೆ ಹಗೆಗಿಂತ ಹಸಿವು ದೊಡ್ಡದು. ಎಲ್ಲರೂ ತನ್ನನ್ನೇ ನೋಡಬೇಕೆಂಬ ಹಸಿವು.

ಕೊಂದವನೇ ಹಾಡುವ ರೀತಿ ಹೊಸದಲ್ಲ. ಆದಿಕಾಂಡದ ನಾಲ್ಕನೆಯ ಅಧ್ಯಾಯದಲ್ಲಿ ಕಾಯಿನನ ವಂಶದ ಲೆಮೆಕನು ತಾನು ಮಾಡಿದ ಕೊಲೆಯನ್ನು ತನ್ನ ಇಬ್ಬರು ಹೆಂಡಿರ ಮುಂದೆ ಪದ್ಯವಾಗಿ ಹೇಳಿಕೊಳ್ಳುತ್ತಾನೆ. ಕಾಯಿನನು ಕೊಲೆಯನ್ನು ಮುಚ್ಚಿಡಲು ನೋಡಿದ್ದ. ಲೆಮೆಕನಿಗೆ ಕೇಳುಗರು ಬೇಕು. ಧರ್ಮಗ್ರಂಥವು ಆ ಜಂಬವನ್ನು ಅಳಿಸಲಿಲ್ಲ. ಆದರೆ ಅದಕ್ಕೂ ಮೊದಲೇ ಹೇಬೆಲನ ರಕ್ತವು ನೆಲದಿಂದ ಕೂಗುವುದನ್ನು ನಮಗೆ ಕೇಳಿಸಿದೆ.

'ಬ್ಯಾಂಗ್ ಬ್ಯಾಂಗ್' ಹಾಡಿನ ಗುಣವೂ ಕೊರತೆಯೂ ಇಲ್ಲಿಯೇ ಇವೆ. ಲೆಮೆಕನ ಜಂಬವನ್ನು ಅದು ಬಲ್ಲದು. 2019ರ ಮಾರ್ಚ್ 15ರಂದು ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್ ನಗರದ ಎರಡು ಮಸೀದಿಗಳಲ್ಲಿ 51 ಜನರನ್ನು ಕೊಂದವನು ತನ್ನ ಕೃತ್ಯವನ್ನು ಫೇಸ್‌ಬುಕ್‌ನಲ್ಲಿ ನೇರಪ್ರಸಾರ ಮಾಡಿದಾಗ, ಈ ಹಾಡು ಕಂಡ ಸತ್ಯವೇ ಎದುರು ನಿಂತಿತು. ಆದರೆ ಹಾಡಿನಲ್ಲಿ ಹೇಬೆಲನಿಲ್ಲ. ಸತ್ತವರಿಗೆ ಅಲ್ಲಿ ಹೆಸರಿಲ್ಲ, ದನಿಯಿಲ್ಲ; ಅವರಿಗಾಗಿ ಒಂದು ಕ್ಷಣ ನಿಲ್ಲಲು ಆ ವೇಗವೂ ಬಿಡುವುದಿಲ್ಲ. ಕ್ರೈಸ್ಟ್‌ಚರ್ಚ್ ಹತ್ಯೆಯ ನಂತರ ಅಂದಿನ ಪ್ರಧಾನಿ ಜಸಿಂಡಾ ಆರ್ಡರ್ನ್ ಅವರು, ಕೊಂದವನ ಹೆಸರನ್ನು ತಾವು ಉಚ್ಚರಿಸುವುದಿಲ್ಲ, ನಾವು ಕಳೆದುಕೊಂಡವರ ಹೆಸರುಗಳನ್ನು ಹೇಳಿರಿ ಎಂದು ಸಂಸತ್ತಿನಲ್ಲಿ ನುಡಿದರು. ಹಾಡು ಹೇಳದೆ ಬಿಟ್ಟ ಮಾತು ಅದು.

ಇನ್ನೊಂದು ಕೊರತೆಯೂ ಇದೆ. ಹಾಡು ನೋಡಿಸಿಕೊಳ್ಳುವವನನ್ನು ಬಯಲಿಗೆಳೆಯುತ್ತದೆ, ನೋಡುವವರನ್ನು ಕೆಣಕುವುದಿಲ್ಲ. ಕ್ರೈಸ್ಟ್‌ಚರ್ಚ್ ದೃಶ್ಯದ ಸುಮಾರು 15 ಲಕ್ಷ ಪ್ರತಿಗಳನ್ನು ಮೊದಲ 24 ಗಂಟೆಗಳಲ್ಲಿ ತೆಗೆದುಹಾಕಿದ್ದಾಗಿ ಫೇಸ್‌ಬುಕ್ ಸಂಸ್ಥೆ ತಿಳಿಸಿತು. ಅವುಗಳನ್ನು ಹಬ್ಬಿಸಿದವನು ಕೊಲೆಗಾರನೊಬ್ಬನೇ ಅಲ್ಲ. ನಮ್ಮ ಜಿಲ್ಲೆಯನ್ನೇ ನೋಡೋಣ. 2015ರ ಆಗಸ್ಟ್ 30ರ ಬೆಳಿಗ್ಗೆ ಧಾರವಾಡದ ಕಲ್ಯಾಣನಗರದಲ್ಲಿ ವಚನ ಸಾಹಿತ್ಯದ ಸಂಶೋಧಕ ಡಾ. ಎಂ.ಎಂ. ಕಲಬುರ್ಗಿಯವರನ್ನು ಅವರ ಮನೆಯಲ್ಲಿಯೇ ಗುಂಡಿಟ್ಟು ಕೊಲ್ಲಲಾಯಿತು. ಕೊಂದವರು ಬೈಕಿನಲ್ಲಿ ಪರಾರಿಯಾದರು. ಅವರಿಗೆ ಪ್ರಸಿದ್ಧಿ ಬೇಕಿರಲಿಲ್ಲ. ಆದರೆ ಕೊಲೆಯ ಬೆನ್ನಲ್ಲೇ ಕರಾವಳಿಯ ವ್ಯಕ್ತಿಯೊಬ್ಬ ಟ್ವಿಟರ್‌ನಲ್ಲಿ ಹರ್ಷಪಟ್ಟು, ಮುಂದಿನ ಸರದಿ ಮತ್ತೊಬ್ಬ ಸಾಹಿತಿಯದೆಂದು ಬರೆದ. ಪೊಲೀಸರು ಅವನನ್ನು ಬಂಧಿಸಿದರು. ಕೊಲ್ಲದವರಲ್ಲಿಯೂ ಲೆಮೆಕನ ಹಸಿವು ಇರಬಲ್ಲದು.

ಇದನ್ನು ಬರೆಯುವ ನಾನೂ ಇದರಿಂದ ಹೊರಗಿನವನಲ್ಲ. 2024ರ ಏಪ್ರಿಲ್‌ನಲ್ಲಿ ಹುಬ್ಬಳ್ಳಿಯ ಕಾಲೇಜೊಂದರ ಆವರಣದಲ್ಲಿ ವಿದ್ಯಾರ್ಥಿನಿಯೊಬ್ಬಳನ್ನು ಚಾಕುವಿನಿಂದ ಇರಿದು ಕೊಂದ ದೃಶ್ಯ ನಮ್ಮೂರಿನ ಮೊಬೈಲುಗಳಿಗೂ ಬಂತು. ನಾನು ಅದನ್ನು ಎರಡು ಸಲ ನೋಡಿದೆ, ಪರಿಚಿತರೊಬ್ಬರಿಗೆ ಕಳುಹಿಸಿಯೂಬಿಟ್ಟೆ. ಆಕೆಗೊಬ್ಬ ತಾಯಿ ಇದ್ದಾಳೆಂಬುದು ನೆನಪಾದದ್ದು ಆಮೇಲೆ.

ಆದುದರಿಂದ ಈ ಹಾಡನ್ನು ಮನೆಯಿಂದ ದೂರವಿಡಿರೆಂದು ನಾನು ಹೇಳಲಾರೆ. ಮಕ್ಕಳೊಡನೆ ಕುಳಿತು ಕೇಳಿರಿ, ಅರ್ಥವನ್ನು ಅವರಿಂದಲೇ ಹೇಳಿಸಿರಿ. ಹಾಡು ಮುಗಿದ ಮೇಲೆ, ಅದರಲ್ಲಿ ಸತ್ತವರು ಎಲ್ಲಿದ್ದಾರೆಂದು ಕೇಳಿರಿ. ತಲೆ ಯಾಕೆ ತೂಗುತ್ತೀ ಎಂದು ಹುಡುಗನನ್ನು ಕೇಳಿದ ನಾನು, ಆ ದೃಶ್ಯವನ್ನು ಎರಡನೆಯ ಸಲ ಯಾಕೆ ನೋಡಿದೆ ಎಂಬುದಕ್ಕೆ ಇನ್ನೂ ಉತ್ತರ ಹೇಳಬೇಕಾಗಿದೆ.